ನಾಲ್ಕನೇ ದೋಣಿಯ ಖಾಲಿ ಮೊಳೆ

ಅಕ್ಕಾ,

ಅದೂ ಸಾಲದು ಅಂತ ಸಂಜೆ ಮೇಸ್ತ್ರಿ ಬಂದು ನನ್ನ ಬೂಟಿನ ಲೇಸು ಬಿಚ್ಚಿದೆ ಅಂತ ಶುರು ಮಾಡಿದ. ಬೆಳಗಿನಿಂದ ಎಂಟು ದೋಣಿ ತೊಳೆದು, ಎಂಬತ್ತು ಹುಟ್ಟಿಗೆ ಎಣ್ಣೆ ಬಳಿದು, ಒದ್ದೆ ಹಗ್ಗವನ್ನೆಲ್ಲ ಬಿಸಿಲಿಗೆ ಹರವಿ ಊಟಕ್ಕೆ ಹೋದ್ರೆ ಅಲ್ಲಿ ಆಗಲೇ ಪಾತ್ರೆ ಉಜ್ತಾ ಕೂತಿದ್ರು. ಖಾಲಿ ಹೊಟ್ಟೇಲಿ ವಾಪಸ್ ಬಂದು ಕೆಲಸಕ್ಕೆ ನಿಂತವನಿಗೆ ಇವನು ಲೇಸಿನ ಪಾಠ ಹೇಳ್ತಾನೆ. ಹಿಂದಿನ ವಾಯ್ಸ್ ನೋಟು ಅಲ್ಲಿಗೇ ನಿಂತುಹೋಯ್ತು. ಮೆಟ್ಟಿಲ ಮೇಲೆ ಯಾರೋ ಬಂದ ಹಾಗಾಯ್ತು. ಈಗ ಇಸ್ತ್ರಿ ಕೋಣೇಲಿ ಬಾಗಿಲು ಹಾಕ್ಕೊಂಡು ಮೇಜಿನ ಕೆಳಗೆ ಕೂತಿದ್ದೀನಿ. ರೂಮಲ್ಲಿ ಆರು ಜನ ಮಲಗಿದಾರೆ, ಅವರ ಮುಂದೆ ಆಡೋ ಮಾತಲ್ಲ ಇದು.

ಲೇಸು ಬರೀ ನೆಪ ಅಕ್ಕ. ಮೇಸ್ತ್ರಿ ಬಂದಿದ್ದು ಬೇರೇದಕ್ಕೆ. ಹಗ್ಗದ ರಾಶಿ ಹಿಂದೆ ಕರ್ಕೊಂಡು ಹೋಗಿ ಮೆತ್ತಗೆ ಹೇಳಿದ: "ನಾಳೆ ಒಂಬತ್ತಕ್ಕೆ ಕಮಾಂಡೆಂಟ್ ಮುಂದೆ ವಿಚಾರಣೆ. ನಿನ್ನನ್ನೇನೂ ಕರೆಯಲ್ಲ. ಅಕಸ್ಮಾತ್ ಕರೆದ್ರೆ, ದೋಣಿ ಇಳಿಸಿದೆ, ಅಷ್ಟೇ ಗೊತ್ತು ಅನ್ನು. ನಾವು ಕಂತ್ರಾಟಿನವರು ಮಾರಾಯ, ನಮಗೆ ಕಣ್ಣಿಲ್ಲ, ಕಿವಿಯಿಲ್ಲ. ಇರೋದು ಎರಡು ಕೈ." ಆಮೇಲೆ ಈ ದೇಶದಲ್ಲಿ ದುಡಿಯೋಕೆ ಬೇಕಾದ ನನ್ನ ಪರ್ಮಿಟ್ಟಿನ ಕಾಗದ ಅವನ ಮೇಜಿನ ಮೇಲಿದೆ, ಇನ್ನು ಆರು ವಾರಕ್ಕೆ ಅವನ ಸಹಿ ಬೇಕು ಅಂತ ನೆನಪು ಮಾಡಿದ. ಬೆದರಿಸಿದ ಹಾಗೆ ಏನೂ ಅನ್ನಲಿಲ್ಲ. ಹವಾಮಾನ ಹೇಳೋ ಹಾಗೆ ಹೇಳಿದ.

ನೀನೂ ಹೇಳಿದ್ದು ಅದನ್ನೇ. ಮೂರು ದಿನದ ಹಿಂದೆ ನಿನ್ನ ಉತ್ತರ ಬಂತಲ್ಲ. ಟಿಕೆಟ್ ಕೌಂಟರಿನ ಗಾಜಿನ ತೂತಿನಿಂದ ಮಾತಾಡಿ ಮಾತಾಡಿ ನಿಂಗೆ ನಾಲ್ಕೈದು ಪದಕ್ಕಿಂತ ಹೆಚ್ಚು ಬರೋದೇ ಇಲ್ಲ. "ಬಾಯ್ಮುಚ್ಕೊಂಡಿರು. ನಾನು ಅಳಿಸಿದೆ. ನೀನೂ ಅಳಿಸು." ಮುಂದಿನವರು ಬನ್ನಿ ಅನ್ನೋದೊಂದು ಬಾಕಿ ಇತ್ತು. ನಂಗೆ ಸಿಟ್ಟು ಬರಲಿಲ್ಲ. ಸಮಾಧಾನ ಆಯ್ತು. ಆ ಸಮಾಧಾನಕ್ಕೇ ಈಗ ಹೇಸಿಗೆ ಆಗ್ತಿರೋದು.

ನಿಂಗೆ ಅರ್ಧ ಮಾತ್ರ ಗೊತ್ತು. ಪೂರ್ತಿ ಹೇಳ್ತೀನಿ, ನಡುವೆ ನಿಲ್ಲಿಸಬೇಡ.

ಇದು ನೌಕಾಪಡೆಗೆ ಅಧಿಕಾರಿಗಳನ್ನ ತಯಾರು ಮಾಡೋ ಅಕಾಡೆಮಿ ಅಂತ ನಿಂಗೆ ಗೊತ್ತಲ್ಲ. ಹದಿನೆಂಟು ವರ್ಷದ ಹುಡುಗ ಹುಡುಗಿಯರು ಟ್ರಂಕು ಹಿಡ್ಕೊಂಡು ಬರ್ತಾರೆ, ನಾಲ್ಕು ವರ್ಷಕ್ಕೆ ಬಿಳಿ ಬಟ್ಟೆ, ಹೆಗಲ ಮೇಲೆ ಪಟ್ಟಿ ಹಾಕ್ಕೊಂಡು ಹೋಗ್ತಾರೆ. ಲೆಕ್ಕ, ನಕ್ಷತ್ರ, ಇಂಜಿನ್ನು, ಕಾನೂನು, ಎಲ್ಲಾ ಮೇಲಿನ ಕಟ್ಟಡಗಳಲ್ಲಿ ಕಲೀತಾರೆ. ಆದ್ರೆ ಮೊದಲ ದಿನದಿಂದ ಕೊನೇ ದಿನದವರೆಗೂ ಬೆಳಿಗ್ಗೆ ಐದೂವರೆಗೆ ಕೆಳಗೆ ನಮ್ಮ ದೋಣಿಮನೆಗೆ ಬರಲೇಬೇಕು. ಹತ್ತು ಜನ ಹುಟ್ಟು ಹಾಕೋದು, ಒಬ್ಬರು ಚುಕ್ಕಾಣಿ ಹಿಡಿದು ಮುಖ್ಯಸ್ಥರಾಗಿ ಕೂರೋದು.

ದೋಣಿಗಳನ್ನ ರಾತ್ರಿ ನೀರಲ್ಲಿ ಬಿಡಲ್ಲ. ಗೋಡೆಯ ಕಬ್ಬಿಣದ ತೋಳಿಗೆ ನೇತು ಹಾಕ್ತೀವಿ. ಪ್ರತಿ ದೋಣಿ ತಳದಲ್ಲೂ ನಿನ್ನ ಹೆಬ್ಬೆರಳು ಹೋಗೋವಷ್ಟು ತೂತಿದೆ, ಒಳಗೆ ಬಿದ್ದ ನೀರು ಸೋರಿಹೋಗಲಿ ಅಂತ. ಅದಕ್ಕೊಂದು ಮರದ ಬಿರಡೆ. ರಾತ್ರಿ ಆ ಬಿರಡೆ ಗೋಡೆ ಮೇಲೆ, ದೋಣಿಯ ನಂಬರಿನ ಕೆಳಗಿರೋ ಮೊಳೇಲಿ ನೇತಾಡ್ತಿರುತ್ತೆ. ಬೆಳಿಗ್ಗೆ ನಾನು ಬಿರಡೆ ತಗೊಂಡು, ಏಣಿ ಹತ್ತಿ, ತೂತಿಗೆ ಹಾಕಿ, ಕೊಡತಿಯಿಂದ ಎರಡು ಸಲ ಬಡಿದು ಇಳೀತೀನಿ. ಮೊಳೆ ಖಾಲಿ ಇದ್ರೆ ಬಿರಡೆ ದೋಣೀಲಿದೆ ಅಂತ ಅರ್ಥ. ಮುಖ್ಯಸ್ಥರು ಆ ಮೊಳೆ ನೋಡ್ತಾರೆ, ಆಮೇಲೆ ಕೈ ಹಾಕಿ ಮುಟ್ಟಿ ನೋಡ್ತಾರೆ, ಆಮೇಲೇ ದೋಣಿ ನೀರಿಗೆ.

ಆವತ್ತು ನಾನು ನಾಲ್ಕನೇ ಮೊಳೆಯಿಂದ ಬಿರಡೆ ತಗೊಂಡೆ. ಆದ್ರೆ ಇನ್ನೊಂದು ಕೈಯಲ್ಲಿ ನೀನಿದ್ದೆ. ಅದೇ, ತಿಗಣೆ ಪುರಾಣ. ಹಾಸಿಗೆ ಬದಲಾಯಿಸಿ ಅಂದ್ರೆ ಮೇಸ್ತ್ರಿ, ತಿಗಣೆಗೂ ಪರ್ಮಿಟ್ ಇದೆಯಾ ಕೇಳು ಅಂದಿದ್ದು. ದೋಣಿಮನೆಗೆ ಫೋನು ತರೋ ಹಾಗೇ ಇಲ್ಲ, ಅಂಗಿ ಒಳಗೆ ಇಟ್ಕೊಂಡು ತರ್ತೀನಿ. ನೋಟು ಶುರು ಮಾಡೋಕೆ ಒಂದು ಬೆರಳು ಬೇಕಿತ್ತು, ಬಿರಡೆ ಜೇಬಿಗೆ ಹಾಕ್ಕೊಂಡೆ. ಒಂದು ನಿಮಿಷಕ್ಕೆ ಅಂತ. ನಿನ್ನ ಹತ್ತಿರ ಮಾತಾಡ್ತಾ ಐದನೇದಕ್ಕೆ ಹಾಕಿದೆ, ಆರನೇದಕ್ಕೆ ಹಾಕಿದೆ, ಎಂಟೂ ಮುಗೀತು ಅಂದ್ಕೊಂಡೆ.

ಆವಾಗ ಅವಳು ಬಂದ್ಳು. ಶಿಳ್ಳೆ. ನಿಂಗೆ ಹೇಳಿದ್ನಲ್ಲ, ಕೊನೇ ವರ್ಷದ ಕೆಡೆಟ್ಟು, ಶಿಳ್ಳೆ ಹಾಕ್ಕೊಂಡೇ ಮೆಟ್ಟಿಲು ಇಳಿದು ಬರ್ತಾಳೆ, ಅದಕ್ಕೇ ನಾವಿಟ್ಟ ಹೆಸರು. ಇಲ್ಲಿ ನಮ್ಮನ್ನ ಮಾತಾಡಿಸೋವಾಗ ಅಣ್ಣ ಅನ್ನೋಳು ಅವಳೊಬ್ಬಳೇ. ಆ ನೋಟಲ್ಲಿ ನೀನು ಅವಳ ದನಿ ಕೇಳಿದೀಯ. "ಅಣ್ಣ, ನಾಲ್ಕನೇದಕ್ಕೆ ಬಿರಡೆ ಹಾಕಾಯ್ತಾ?" ಅಂತಾಳೆ. "ಹಾಕಾಯ್ತು ಮೇಡಂ" ಅಂತೀನಿ ನಾನು. ತಕ್ಷಣ ತಿಗಣೆಗೆ ವಾಪಸ್. ಅವಳು ಮೊಳೆ ನೋಡಿದ್ಳು, ಖಾಲಿ ಇತ್ತು. ನನ್ನ ಮುಖ ನೋಡಿದ್ಳು. ಬಗ್ಗಿ ಕೈ ಹಾಕೋದು ಬಿಟ್ಟಳು. ನಾನು ಹೇಳಿದ್ದೆನಲ್ಲ, ಅದಕ್ಕೆ.

ಇನ್ನು ಮುಂದೆ ಹೇಳೋದು ನಿಂಗೂ ಹೇಳಿಲ್ಲ.

ಎಂಟೂ ದೋಣಿ ಹೋದ್ಮೇಲೆ ಲೇಸು ಕಟ್ಟೋಕೆ ಬಗ್ಗಿದೆ. ತೊಡೆಗೆ ಏನೋ ಚುಚ್ಚಿತು. ಜೇಬಿಗೆ ಕೈ ಹಾಕೋಕೆ ಮುಂಚೇನೇ ಅದೇನು ಅಂತ ಗೊತ್ತಾಯ್ತು. ನಾಲ್ಕನೇ ದೋಣಿ ಆಗ ಕಲ್ಲಿನ ಕಟ್ಟೆ ದಾಟ್ತಿತ್ತು. ಬಾಗಿಲ ಪಕ್ಕ ಒಂದು ಗಂಟೆ ಇದೆ. ಅದನ್ನ ಬಾರಿಸಿದ್ರೆ ಎಷ್ಟೇ ದೂರ ಇದ್ರೂ ಎಲ್ಲಾ ದೋಣಿ ತಿರುಗಿ ಬರಬೇಕು. ಯಾರು ಬೇಕಾದ್ರೂ ಬಾರಿಸಬಹುದು. ಆದ್ರೆ ಬಾರಿಸಿದವರು ಯಾಕೆ ಅಂತ ಹೇಳಬೇಕು.

ನಾನು ಹೋಗಿ ಹಗ್ಗ ಹಿಡ್ಕೊಂಡೆ ಅಕ್ಕ. ಹಿಡ್ಕೊಂಡು ನಿಂತೆ. ಯಾಕೆ ಅಂತ ಕೇಳಿದ್ರೆ ಏನು ಹೇಳಲಿ? ಫೋನು ಅನ್ನಲಾ, ತಿಗಣೆ ಅನ್ನಲಾ? ಮೇಲೆ ಹಲಗೆ ಹಾಸಿದಾರೆ, ನೀರು ಬಂದ್ರೂ ನಿಧಾನಕ್ಕೆ ಬರುತ್ತೆ, ನೋಡ್ಕೋತಾರೆ, ಏನಾದ್ರೂ ತುರುಕ್ತಾರೆ, ವಾಪಸ್ ಬರ್ತಾರೆ. ಹೀಗೇ ನಂಗೆ ನಾನೇ ಹೇಳ್ಕೋತಾ ನಿಂತಿದ್ದೆ. ಎಷ್ಟು ಹೊತ್ತು ಅಂತ ಯಾರಿಗೂ ಗೊತ್ತಿಲ್ಲ. ನಂಗೆ ಗೊತ್ತು. ಎರಡು ನಿಮಿಷಕ್ಕೆ ಕಮ್ಮಿ ಇಲ್ಲ. ಕೈಯಲ್ಲಿ ಹಗ್ಗ ಇತ್ತು, ಎಳೆಯಲಿಲ್ಲ.

ಬಾರಿಸಿದ್ದು ಗಂಟಜ್ಜ. ನಮ್ಮ ದೋಣಿಮನೆ ಯಜಮಾನ, ನಲವತ್ತು ವರ್ಷದಿಂದ ಹಗ್ಗಕ್ಕೆ ಗಂಟು ಹಾಕೋದು ಕಲಿಸ್ತಾ ಇರೋ ಮುದುಕ. ದೋಣಿ ಭಾರ ಆದದ್ದು ಅವರಿಗೆ ಕಣ್ಣಲ್ಲೇ ಗೊತ್ತಾಯ್ತಂತೆ. ಓಡಿ ಬಂದು ನನ್ನ ಕೈಯಿಂದ ಹಗ್ಗ ಕಿತ್ಕೊಂಡು ಬಾರಿಸಿದ್ರು. ಅಷ್ಟರಲ್ಲಿ ಅಲ್ಲಿ ಹಲಗೆ ಮೇಲೆ ನೀರು ಬಂದಿತ್ತು. ಶಿಳ್ಳೆ ತನ್ನ ಟೋಪಿ ತೆಗೆದು ತೂತಿಗೆ ತುರುಕಿ ದೋಣಿ ತಿರುಗಿಸಿದ್ಳು. ತಿರುಗೋವಾಗ ಪಕ್ಕದಿಂದ ಒಂದು ಅಲೆ. ಅಷ್ಟೇ ಸಾಕಾಯ್ತು. ಹನ್ನೊಂದು ಜನ ನೀರಿಗೆ.

ಹತ್ತು ಜನ ಹೇಗೆ ಹೋದ್ರೋ ಹಾಗೇ ಬಂದ್ರು. ಮೂರನೇ ಹುಟ್ಟಿನ ಹುಡುಗನ ತೋಳು ದೋಣಿಗೂ ನೀರಲ್ಲಿ ತೇಲೋ ಕಬ್ಬಿಣದ ಬೋಯಿಗೂ ನಡುವೆ ಸಿಕ್ಕಿ ಮುರೀತು, ನೀರು ಕುಡಿದಿದ್ದ. ಅವನನ್ನ ಹಿಡ್ಕೊಂಡು ತೇಲಿದ್ದು ಅವಳೇ. ಎರಡು ದಿನ ಕಣ್ಣು ಬಿಡಲಿಲ್ಲ ಅವನು. ಆ ಎರಡು ದಿನ ನಾನು ಆಸ್ಪತ್ರೆ ಹಿಂದಿನ ದಾರೀಲಿ ಎಷ್ಟು ಸಲ ಓಡಾಡಿದೆ ಅಂದ್ರೆ, ಅಲ್ಲಿನ ಕಾವಲುಗಾರ, "ಏನಪ್ಪಾ, ಒಳಗೆ ಯಾವುದಾದ್ರೂ ನರ್ಸು ಇದಾಳಾ?" ಅಂತ ಕಣ್ಣು ಹೊಡೆದ. ನಗಬೇಕಾಯ್ತು. ನಕ್ಕೆ. ಮೂರನೇ ದಿನ ಆ ಹುಡುಗ ಕಣ್ಣು ಬಿಟ್ಟು ಮೊದಲು ಕೇಳಿದ್ದು ಆವತ್ತಿನ ಪಂದ್ಯದಲ್ಲಿ ಯಾವ ದೋಣಿ ಗೆದ್ದಿತು ಅಂತ. ಬದುಕಿದ. ತೋಳು ಕೂಡುತ್ತಂತೆ.

ನಾನೂ ಬದುಕಿದೆ ಅಂದ್ಕೊಂಡೆ. ನಿಂಗೆ ಅರ್ಧ ಕಥೆ ಹೇಳಿದ್ದು ಅವತ್ತೇ. ಆ ತಿಗಣೆ ನೋಟನ್ನ ನನ್ನ ಫೋನಿಂದ ಅಳಿಸಿದ್ದೂ ಅವತ್ತೇ.

ಇಲ್ಲಿ ಒಂದು ಪುಸ್ತಕ ಇದೆ ಅಕ್ಕ. ದೋಣಿಮನೆ ಬಾಗಿಲಲ್ಲಿ ಇಳಿಜಾರು ಮೇಜಿನ ಮೇಲೆ ಸರಪಳಿ ಹಾಕಿ ಇಟ್ಟಿರ್ತಾರೆ, ಕೆಂಪು ರಟ್ಟು. ಯಾರು ತಪ್ಪು ಮಾಡಿದ್ರೂ, ಯಾರಾದ್ರೂ ಕೇಳೋಕೆ ಮುಂಚೆ ತಾವೇ ಬಂದು ಅದರಲ್ಲಿ ಸ್ವಂತ ಕೈಯಲ್ಲಿ ಬರೀಬೇಕು. ಎರಡು ಸಾಲು, ಕೆಳಗೆ ಸಹಿ. ಕಾರಣ ಬರೆಯೋ ಹಾಗಿಲ್ಲ, ಇನ್ನೊಬ್ಬರ ಹೆಸರು ಹೇಳೋ ಹಾಗಿಲ್ಲ. ಈಗಿನದು ಒಂಬತ್ತನೇ ಪುಸ್ತಕ. ಹಳೇದರಲ್ಲಿ ಒಂದು ಕಡೆ "ಹುಟ್ಟು ಕೈತಪ್ಪಿ ನೀರಿಗೆ ಬಿಟ್ಟೆ" ಅಂತ ಬರೆದಿರೋ ಹುಡುಗ ಆಮೇಲೆ ಇಡೀ ನೌಕಾಪಡೆಗೆ ಯಜಮಾನ ಆದನಂತೆ. ಪ್ರತಿ ಬ್ಯಾಚಿಗೂ ಅದನ್ನ ತೋರಿಸ್ತಾರೆ.

ದೋಣಿ ಮುಳುಗಿದ ದಿನ, ಒದ್ದೆ ಬಟ್ಟೇಲೇ ಬಂದು ಶಿಳ್ಳೆ ಬರೆದ್ಳು. ನಾನು ಹತ್ತು ಅಡಿ ದೂರದಲ್ಲಿ ನೆಲ ಒರೆಸ್ತಿದ್ದೆ. ಅವಳು ಹೋದ್ಮೇಲೆ ಓದಿದೆ. "ನಾಲ್ಕನೇ ದೋಣಿಯ ಬಿರಡೆಯನ್ನು ಕೈ ಹಾಕಿ ನೋಡಲಿಲ್ಲ. ತಪ್ಪು ನನ್ನದು." ಅಷ್ಟೇ. ಅಣ್ಣನನ್ನ ಕೇಳಿದ್ದೆ ಅಂತಿಲ್ಲ, ಹಾಕಾಯ್ತು ಅಂದ ಅಂತಿಲ್ಲ. ಆಮೇಲೆ ಅಧಿಕಾರಿಗಳು ಕೇಳಿದಾಗಲೂ ಹೇಳಿಲ್ಲವಂತೆ. ಬಿರಡೆ ಸಡಿಲ ಇತ್ತು, ಸಮುದ್ರದಲ್ಲಿ ಕಳಚಿಹೋಯ್ತು ಅಂತ ಎಲ್ಲರೂ ತಿಳ್ಕೊಂಡಿದಾರೆ. ಮುಖ್ಯಸ್ಥರ ಅಲಕ್ಷ್ಯದಿಂದ ಒಬ್ಬನಿಗೆ ಏಟಾದ್ರೆ ಅವರಿಗೆ ಅಧಿಕಾರಿ ಪಟ್ಟಿ ಇಲ್ಲ. ಇನ್ನು ಹತ್ತು ವಾರಕ್ಕೆ ಅವಳು ಅಧಿಕಾರಿಯಾಗಿ ಹೊರಡೋ ಪೆರೇಡ್ ಇತ್ತು. ನಾಳೆ ಒಂಬತ್ತಕ್ಕೆ ಟ್ರಂಕು ಕಟ್ಟು ಅಂತಾರೆ.

ಅವಳ ಅಪ್ಪ ಅಮ್ಮ ಯಾರೋ ನಂಗೆ ಗೊತ್ತಿಲ್ಲ. ಹುಡುಗಿಯರನ್ನ ಇಲ್ಲಿ ಸೇರಿಸ್ಕೊಳ್ಳೋಕೆ ಶುರು ಮಾಡಿ ಹನ್ನೊಂದೇ ವರ್ಷ ಆಗಿರೋದು. ಅವಳು ಹೋದ್ರೆ, ನೋಡಿದ್ರಾ ಅನ್ನೋಕೆ ಕಾಯ್ತಿರೋರು ಮೇಲಿನ ಕಟ್ಟಡದಲ್ಲಿ ನಾಲ್ಕಾರು ಜನ ಇದಾರೆ. ಚಹಾ ಕೊಡೋಕೆ ಹೋದ ನಮ್ಮವನು ಕೇಳಿಸ್ಕೊಂಡು ಬಂದ.

ಬಿರಡೆ ಎಲ್ಲಿದೆ ಅಂದ್ಯಾ? ನನ್ನ ದಿಂಬಿನ ಚೀಲದೊಳಗೆ. ತಲೆಗೆ ಒತ್ತುತ್ತೆ.

ಗಂಟಜ್ಜನಿಗೆ ಗೊತ್ತು ಅನ್ಸುತ್ತೆ. ಅವರು ಹೊಸ ಬಿರಡೆ ಕೆತ್ತಿದ್ರು, ಆದ್ರೆ ನಾಲ್ಕನೇ ಮೊಳೆಗೆ ನೇತು ಹಾಕಲಿಲ್ಲ. ತಾವೇ ಜೇಬಲ್ಲಿ ಇಟ್ಕೊಂಡು ಓಡಾಡ್ತಾರೆ. "ಯಾಕಜ್ಜ, ಮೊಳೆ ಖಾಲಿ ಬಿಟ್ಟಿದ್ದೀರಿ?" ಅಂತ ಇನ್ನೊಬ್ಬ ಕೇಳಿದ್ದಕ್ಕೆ, "ಹಳೇದು ಸಿಗಲಿ, ಆಮೇಲೆ ನೋಡೋಣ" ಅಂದ್ರು. ನನ್ನ ಕಡೆ ನೋಡಲಿಲ್ಲ. ನೋಡದೇ ಇದ್ದದ್ದೇ ಹೆಚ್ಚು ಚುಚ್ಚಿತು.

ಇವತ್ತು ಮಧ್ಯಾಹ್ನ ನನ್ನ ಕೈಗೆ ಒಂದು ಬಟ್ಟೆ ಕೊಟ್ಟು, ಹೋಗಿ ಮೇಲಿನ ಹಳೇ ಕೋಣೆ ಗಾಜು ಒರೆಸಿಕೊಂಡು ಬಾ ಅಂದ್ರು. ಅದು ನಮ್ಮ ಕೆಲಸ ಅಲ್ಲ. ಆಮೇಲೆ ಅವರೂ ಹಿಂದೆಯೇ ಏದುಸಿರು ಬಿಡ್ತಾ ಹತ್ತಿ ಬಂದ್ರು. ಅಲ್ಲಿ ಅಕಾಡೆಮಿಯ ಹಳೇ ಸಾಮಾನು ಇಟ್ಟಿದಾರೆ. ಹರಿದ ಬಾವುಟ, ದಿಕ್ಸೂಚಿ, ಗುಂಪು ಫೋಟೋಗಳು. ಅಜ್ಜ ಒಂದು ಫೋಟೋ ಮುಂದೆ ನಿಂತ್ಕೊಂಡು ಮಾತಿಗೆ ಶುರುವಿಟ್ಟರು.

ಈ ದೇಶಕ್ಕೆ ಸ್ವಂತ ಬಾವುಟ ಬಂದ ವರ್ಷ ಹಡಗು ನಡೆಸೋ ಸ್ವಂತ ಅಧಿಕಾರಿ ಒಬ್ಬನೂ ಇರಲಿಲ್ಲವಂತೆ. ಇದ್ದವರೆಲ್ಲ ಹೊರಗಿನವರು, ತಮ್ಮ ಹಡಗು ಹತ್ತಿ ಹೊರಟುಹೋದ್ರು. ಇಪ್ಪತ್ತಮೂರು ಹುಡುಗರನ್ನ ಆರಿಸಿ, ಸುಂಕದ ಗೋದಾಮೊಂದನ್ನ ಖಾಲಿ ಮಾಡಿಸಿ, ಇದೇ ಅಕಾಡೆಮಿ ಅಂದ್ರು. ಪಾಠ ಹೇಳೋಕೆ ಮೇಷ್ಟ್ರು ಸಿಕ್ಕಿದ್ರು, ನೀರಿಗೆ ಇಳಿಸೋಕೆ ಯಾರೂ ಇಲ್ಲ. ಕೊನೆಗೆ ಮೀನು ಹಿಡಿಯೋ ಒಬ್ಬ ಮುದುಕನನ್ನ ದಿನಗೂಲಿಗೆ ಕರ್ಕೊಂಡು ಬಂದ್ರು. ಅವನಿಗೆ ಓದೋಕೆ ಬರೆಯೋಕೆ ಬರಲ್ಲ. ಹುಡುಗರು ತಪ್ಪು ಮಾಡಿದ್ರೆ ಬರ್ಕೊಳ್ಳೋದು ಹೇಗೆ? ಅದಕ್ಕೇ ಅವನು, "ನಿಮ್ಮ ತಪ್ಪು ನೀವೇ ಬರೀರಿ, ಶನಿವಾರ ನಂಗೆ ಓದಿ ಹೇಳಿ" ಅಂದನಂತೆ. ಆ ಪುಸ್ತಕ ಹುಟ್ಟಿದ್ದು ಹಾಗೆ. ಗೋದಾಮು ಹೋಗಿ ಗುಡ್ಡದ ಮೇಲೆ ಕಟ್ಟಡ ಬಂತು, ಒಂದು ಯುದ್ಧ ಆಯ್ತು, ಆ ಇಪ್ಪತ್ತಮೂರರಲ್ಲಿ ಐದು ಜನ ಸಮುದ್ರದಲ್ಲೇ ಉಳಿದ್ರು, ಅಕ್ಕಪಕ್ಕದ ದೇಶದ ಹುಡುಗರೂ ಕಲಿಯೋಕೆ ಬರತೊಡಗಿದ್ರು. ಪುಸ್ತಕ ಮಾತ್ರ ನಿಲ್ಲಲಿಲ್ಲ.

"ಯಾಕೆ ಇಷ್ಟು ಕಟ್ಟುನಿಟ್ಟು ಗೊತ್ತೇನೋ?" ಅಂದ್ರು ಅಜ್ಜ. "ನಾಳೆ ಇವರು ಹಡಗಿನಲ್ಲಿ ನಿಂತು, ಎಲ್ಲಾ ಸರಿಯಾಗಿದೆ ಅಂತ ಒಂದು ಮಾತು ಹೇಳ್ತಾರೆ. ಆ ಒಂದು ಮಾತಿನ ಮೇಲೆ ಕೆಳಗೆ ಮುನ್ನೂರು ಜನ ಕಣ್ಣು ಮುಚ್ಚಿ ನಿದ್ದೆ ಮಾಡ್ತಾರೆ. ಆ ಮಾತು ಸುಳ್ಳಾಗಬಾರದು. ಈ ಅಕಾಡೆಮಿ ಇರೋದೇ ಅದಕ್ಕೆ. ಮಿಕ್ಕಿದ್ದೆಲ್ಲ ಇಸ್ತ್ರಿ, ಪಾಲಿಶ್ಶು."

ಹಾಕಾಯ್ತು ಮೇಡಂ. ನನ್ನ ಒಂದು ಮಾತು ನಂಗೆ ಕೇಳಿಸ್ತು ಅಕ್ಕ.

ನಾನು, "ಅದೆಲ್ಲ ಅಧಿಕಾರಿಗಳಿಗೆ ಬಿಡಿ ಅಜ್ಜ. ನಾವು ಕಂತ್ರಾಟಿನವರು, ನಮ್ಮದು ಆ ಪುಸ್ತಕದಲ್ಲಿ ಯಾರು ಬರೆಸ್ಕೋತಾರೆ?" ಅಂದೆ. ಅದಕ್ಕೇ ಕಾಯ್ತಿದ್ದವರ ಹಾಗೆ ಗಾಜಿನ ಪೆಟ್ಟಿಗೆ ತೋರಿಸಿ, "ಅಲ್ಲೊಂದು ಕಲೆ ಉಳಿದಿದೆ, ಸರಿಯಾಗಿ ಒರೆಸು" ಅಂದ್ರು. ಒಳಗೆ ಮೊದಲನೇ ಪುಸ್ತಕ, ಮೊದಲನೇ ಪುಟ. ಯಾವುದೋ ಹುಡುಗನ ದುಂಡು ಅಕ್ಷರ. "ಎರಡನೇ ದೋಣಿಯ ಹಗ್ಗ ನಾನು ಸರಿಯಾಗಿ ಕಟ್ಟಲಿಲ್ಲ. ದೋಣಿ ಒಡೆಯಿತು. ಹುಡುಗರ ತಪ್ಪಿಲ್ಲ." ಕೆಳಗೆ ಸಹಿ ಇಲ್ಲ. ಒಂದು ಹೆಬ್ಬೆಟ್ಟು.

ಮೊದಲ ತಪ್ಪು ಯಾವ ಅಧಿಕಾರಿಯದ್ದೂ ಅಲ್ಲ ಅಕ್ಕ. ದಿನಗೂಲಿಯವನದ್ದು. ನಾನು ಬಟ್ಟೆ ಹಿಡ್ಕೊಂಡು ನಿಂತೇ ಇದ್ದೆ. ಅಜ್ಜ ಮೆಟ್ಟಿಲು ಇಳೀತಾ, "ಕಲೆ ಹೋಯ್ತಾ?" ಅಂದ್ರು. ಕಲೆ ಇರಲೇ ಇಲ್ಲ, ಗಾಜು ಸ್ವಚ್ಛವಾಗೇ ಇತ್ತು.

ಈಗ ನಿಂಗೆ ಒಂದು ಹಳೇ ಮಾತು ನೆನಪು ಮಾಡ್ತೀನಿ. ಬೈಬೇಡ. ಅಪ್ಪನ ಕನ್ನಡಕ. ನಂಗೆ ಎಂಟು ವರ್ಷ, ಕುರ್ಚಿ ಮೇಲೆ ದಬಕ್ಕಂತ ಕೂತೆ, ಕೆಳಗೆ ಕನ್ನಡಕ ಇತ್ತು. ಅಪ್ಪ ಕನ್ನಡಕ ಇಲ್ಲದೆ ಒಂದು ವಾರ ಬಸ್ಸು ಓಡಿಸೋಕಾಗದೆ ಮನೇಲಿ ಕೂತರು. ನಾನು ಬಾಯಿ ತೆರೆಯೋ ಮೊದಲೇ ನೀನು, "ನಾನೇ ಬೀಳಿಸಿದೆ ಅಪ್ಪ" ಅಂದೆ. ಎರಡು ತಿಂಗಳು ನಿನ್ನ ಹತ್ತಿರ ಮಾತಾಡಲಿಲ್ಲ ಅವರು. ಆಮೇಲೆ ಮಾತಾಡಿದ್ರು, ನಕ್ಕರು, ಎಲ್ಲಾ ಸರಿಹೋಯ್ತು. ಆದ್ರೆ ಮನೆಗೆ ಯಾರೇ ಬಂದ್ರೂ, "ದೊಡ್ಡವಳ ಕೈಗೆ ಏನೂ ಕೊಡಬೇಡಿ, ಅವಳಿಗೆ ಮೈಮೇಲೆ ಗಮನ ಇಲ್ಲ" ಅಂತ ತಮಾಷೆ ಮಾಡೋದು ಸಾಯೋವರೆಗೂ ಬಿಡಲಿಲ್ಲ. ಆಸ್ಪತ್ರೇಲಿ ಕೊನೇ ವಾರ ನೀನು ನೀರಿನ ಲೋಟ ಹಿಡಿದಾಗಲೂ, "ಹುಷಾರು, ಬೀಳಿಸೀಯ" ಅಂದ್ರು. ನೀನು "ಇಲ್ಲಪ್ಪ" ಅಂದೆ. ನಾನು ಅಲ್ಲೇ ಮಂಚದ ಕಾಲ ಹತ್ತಿರ ನಿಂತಿದ್ದೆ. ಆಗ ನಂಗೆ ಹತ್ತೊಂಬತ್ತು. ಒಂದು ಮಾತು ಹೇಳಬಹುದಿತ್ತು. ಹಗ್ಗ ಕೈಯಲ್ಲೇ ಇತ್ತು ಅಕ್ಕ, ಅವತ್ತೂ ಎಳೆಯಲಿಲ್ಲ.

ನೀನು ನನ್ನನ್ನ ಕಾಪಾಡಿದೆ. ನಾನು ಅದನ್ನೇ ಅಭ್ಯಾಸ ಮಾಡ್ಕೊಂಡೆ. ಯಾರೋ ಒಬ್ಬ ಹೆಣ್ಣುಮಗಳು ನನ್ನ ತಪ್ಪಿನ ಮುಂದೆ ಬಂದು ನಿಲ್ತಾಳೆ, ನಾನು ಹಿಂದೆ ನಿಂತು ನೆಲ ಒರೆಸ್ತೀನಿ.

ನಿನ್ನ ಕಷ್ಟ ನಂಗೆ ಗೊತ್ತಿಲ್ಲ ಅಂತಲ್ಲ. ಈ ಪರ್ಮಿಟ್ಟಿಗಾಗಿ ಒಂದು ವರ್ಷ ಊಟದ ಬಿಡುವಿನಲ್ಲಿ ಕಚೇರಿಯಿಂದ ಕಚೇರಿಗೆ ಓಡಿದೋಳು ನೀನು. ಚಪ್ಪಲಿ ಸವೀತು ಅಂತ ತೋರಿಸಿದ್ದೆ, ನಾನು ಫೋಟೋ ತೆಗೆದು ನಕ್ಕಿದ್ದೆ. ನಾಳೆ ನಾನು ಬಾಯಿ ಬಿಟ್ರೆ ಅದೆಲ್ಲ ನೀರುಪಾಲು. ಮೇಸ್ತ್ರಿ ಸಂಜೆಯೊಳಗೆ ಪೆಟ್ಟಿಗೆ ಕಟ್ಟಿಸ್ತಾನೆ. ಪೊಲೀಸು ಗಿಲೀಸು ಅಂತ ಆಗುತ್ತೋ ಏನೋ, ಅದೂ ಗೊತ್ತಿಲ್ಲ. ಹೆದರಿಕೆ ಇದೆ ಅಕ್ಕ. ಈಗ ಮಾತಾಡ್ತಾ ಇರೋ ಬಾಯಿ ಒಣಗಿದೆ, ಇಸ್ತ್ರಿ ಮೇಲೆ ಚಿಮುಕಿಸೋ ನೀರನ್ನೇ ಕುಡಿದೆ.

ಆದ್ರೂ ಬೆಳಿಗ್ಗೆ ಎಂಟೂವರೆಗೆ ದೋಣಿಮನೆಗೆ ಹೋಗಿ ಪುಸ್ತಕದಲ್ಲಿ ಬರೀತೀನಿ. ಬರೆಯೋದನ್ನ ಬಾಯಿಪಾಠ ಮಾಡ್ಕೊಂಡಿದ್ದೀನಿ. ಬಿರಡೆ ನನ್ನ ಜೇಬಿನಲ್ಲಿತ್ತು. ಹಾಕಾಯ್ತು ಅಂತ ಹೇಳಿದವನು ನಾನು. ಗೊತ್ತಾದ ಮೇಲೂ ಗಂಟೆ ಬಾರಿಸಲಿಲ್ಲ. ಎರಡು ಸಾಲು ಅನ್ನೋ ನಿಯಮ ಮೀರಿ ಮೂರಾಯ್ತು, ಆಗಲಿ. ಆಮೇಲೆ ಬಿರಡೆ ತಗೊಂಡು ಕಮಾಂಡೆಂಟ್ ಕೋಣೆ ಮುಂದೆ ಬೆಂಚಿನ ಮೇಲೆ ಕೂರ್ತೀನಿ. ಅವರು ಕರೀಲಿ, ಬಿಡಲಿ.

ಒಂದೇ ತೊಡಕು. ಅವಳು ನನ್ನನ್ನ ಕೇಳಿದ್ದಳು ಅನ್ನೋದಕ್ಕೆ ಸಾಕ್ಷಿ ಇಲ್ಲ. ಕಂತ್ರಾಟಿನವನು ಕೆಡೆಟ್ಟನ್ನ ಉಳಿಸೋಕೆ ಕಥೆ ಕಟ್ತಿದಾನೆ ಅಂತಾರೆ, ಮೇಸ್ತ್ರಿ ಮೊದಲು ಅದನ್ನೇ ಹೇಳೋದು. ಅವಳನ್ನ ಕೇಳಿದ್ರೂ ಅವಳು ಇನ್ನೊಬ್ಬರ ಹೆಸರು ಹೇಳೋಳಲ್ಲ. ಆ ನೋಟು ಬೇಕು. ತಿಗಣೆ ನೋಟು.

ನೀನು ಅಳಿಸಿದೆ ಅಂದೆ. ನಾನು ನಂಬಿಲ್ಲ. ಹರಿದ ಟಿಕೆಟ್ಟಿನ ಅರ್ಧ ಚೂರನ್ನೂ ಡಬ್ಬಿಯಲ್ಲಿ ಎತ್ತಿಡೋಳು ನೀನು. ನಾನು ಇಲ್ಲಿಗೆ ಬಂದ ಮೊದಲ ರಾತ್ರಿ ಅತ್ತ ನೋಟು ಇನ್ನೂ ಇದೆ ಅಂತ ನೀನೇ ಬಾಯಿ ಜಾರಿ ಹೇಳಿದ್ದೆ. ಇದ್ರೆ ಕಳಿಸು ಅಕ್ಕ. ನನ್ನನ್ನ ಉಳಿಸೋಕೆ ಒಂದು ಸಲ ಸುಳ್ಳು ಹೇಳಿದ್ದೀಯ, ಅದರ ಭಾರ ಇಷ್ಟು ವರ್ಷ ನೀನೊಬ್ಬಳೇ ಹೊತ್ತಿದ್ದೀಯ. ಎರಡನೇದು ಬೇಡ. ಕಳಿಸದಿದ್ರೂ ನಿನ್ನ ಮೇಲೆ ಸಿಟ್ಟಿಲ್ಲ. ಬಿರಡೆ ಒಂದನ್ನೇ ಹಿಡ್ಕೊಂಡು ಹೋಗ್ತೀನಿ.

ನಿನ್ನ ಕೈ ಯಾವತ್ತೂ ಏನನ್ನೂ ಬೀಳಿಸಿಲ್ಲ. ಅಪ್ಪನ ಫೋಟೋ ಮುಂದೆ ನಿಂತು ಇದನ್ನ ಒಂದು ಸಲ ಜೋರಾಗಿ ಹಾಕಿಬಿಡು, ಅವರೂ ಕೇಳಿಸ್ಕೊಳ್ಳಲಿ. ನೀನು ಚೆನ್ನಾಗಿರು. ನಾಳೆ ಒಂದು ದಿನ ನಿನ್ನ ಹಾರೈಕೆ ನನಗಿಂತ ಅವಳಿಗೆ ಹೆಚ್ಚು ಇರಲಿ.

ನೋಟು ಕಳಿಸೋದಾದ್ರೆ ಎಂಟೂವರೆ ಒಳಗೆ ಕಳಿಸು, ಆಮೇಲೆ ಕಮಾಂಡೆಂಟ್ ಬಾಗಿಲಲ್ಲೇ ಫೋನು ಇಸ್ಕೋತಾರೆ. ನೋಟು ಬಂದಿದ್ರೆ, ಅದರಲ್ಲೇ ಇದೆ ಕೇಳಿ ಅಂತೀನಿ. ಹನ್ನೊಂದೂವರೆಗೆ ನಿನ್ನ ಕೌಂಟರಿಗೆ ಬಿಡುವು ಅಲ್ವಾ, ಆಗ ಫೋನು ಮಾಡು. ಎತ್ತದಿದ್ರೆ ಗಾಬರಿ ಆಗಬೇಡ, ಇನ್ನೂ ಒಳಗಿದ್ದೀನಿ ಅಂತ ತಿಳ್ಕೊ. ಮತ್ತೆ ನಾಲ್ಕು ಗಂಟೆಗೆ ಮಾಡು. ಆಗ ಎತ್ತೇ ಎತ್ತುತೀನಿ, ಎಲ್ಲಿದ್ರೂ.

ನಿನ್ನ ತಮ್ಮ,
ಕನ್ನಡಕ ಒಡೆದವನು